ಬಸ್ಸು ನಿಲ್ಲುವ ಕಡೆ ಮನೆ ಕೇಳಿ: ದಾವಣಗೆರೆಯ ಬಡಾವಣೆಗಳವರಿಗೆ ಹಂತ ಹಂತದ ಮಾರ್ಗದರ್ಶಿ

"ಊರಾಚೆ ಮನೆ ಕೊಡ್ತಾರಂತೆ, ತಗೊಳ್ಳೋದಾ ಬೇಡವಾ?" "ಸೈಟು ತಗೊಂಡು ಆರು ವರ್ಷ ಆಯ್ತು, ಇನ್ನೂ ಸಿಟಿ ಬಸ್ ಬಂದಿಲ್ಲ, ಯಾರಿಗೆ ಅರ್ಜಿ ಕೊಡ್ಬೇಕು?" "ರಸ್ತೆ ಅಗಲ ಆದ್ಮೇಲೆ ಬಾಡಿಗೆ ಏರಿಸಿದ್ರು, ಈಗ ಎಲ್ಲಿಗೆ ಹೋಗೋದು?"

ಈ ಮೂರು ಪ್ರಶ್ನೆಗಳು ಬೇರೆ ಬೇರೆ ಬಡಾವಣೆಗಳಿಂದ ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಮೂರಕ್ಕೂ ಬೇರು ಒಂದೇ. ಮನೆ ಎಲ್ಲಿ ಏಳಬೇಕು ಎಂದು ಒಂದು ಕಚೇರಿ ತೀರ್ಮಾನಿಸುತ್ತದೆ, ಬಸ್ಸು ಎಲ್ಲಿ ಓಡಬೇಕು ಎಂದು ಇನ್ನೊಂದು ಕಚೇರಿ. ಎರಡರ ನಡುವಿನ ದೂರವನ್ನು ನಾವು ಆಟೋ ಬಾಡಿಗೆ ಕೊಟ್ಟು ತುಂಬುತ್ತೇವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ಬಡಾವಣೆಗೆ ಬಸ್ ಕೇಳುವುದು ತಪ್ಪಲ್ಲ. ಆದರೆ ಈಗಾಗಲೇ ಬಸ್ಸು, ರೈಲು ನಿಲ್ಲುವ ಜಾಗದ ಸುತ್ತ ಕಡಿಮೆ ಬೆಲೆಯ ಮನೆ ಕೇಳುವುದು ಅದಕ್ಕಿಂತ ಗಟ್ಟಿಯಾದ ಬೇಡಿಕೆ. ಇವತ್ತು ಬಿಟ್ಟ ಬಸ್ಸನ್ನು "ಕಲೆಕ್ಷನ್ ಇಲ್ಲ" ಎಂದು ಮುಂದಿನ ತಿಂಗಳು ನಿಲ್ಲಿಸಬಹುದು. ಕಟ್ಟಿದ ಮನೆಯನ್ನು ಹಾಗೆ ಎತ್ತಿಕೊಂಡು ಹೋಗಲಾಗದು.

ಏನೇನು ಬೇಕು: ಒಂದು ನೋಟ್‌ಬುಕ್, ಮೊಬೈಲು, ನಿಮ್ಮ ವಾರ್ಡಿನ ನಕ್ಷೆ, ಬಿಡುವಿನ ಎಂಟು ಭಾನುವಾರಗಳು. ಜೊತೆಗೆ ಐದಾರು ಜನ. ಅವರಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳು, ಬಾಡಿಗೆ ಮನೆಯಲ್ಲಿರುವ ಒಬ್ಬರು, ಕೋಲು ಹಿಡಿದು ನಡೆಯುವ ಹಿರಿಯರೊಬ್ಬರು ಇರಲೇಬೇಕು. ಸ್ವಂತ ಮನೆ, ಸ್ವಂತ ಬೈಕು ಇರುವ ಗಂಡಸರಷ್ಟೇ ಕೂತು ಬರೆದ ಅರ್ಜಿಗಳನ್ನು ಬಹಳ ನೋಡಿದ್ದೇನೆ. ಅವುಗಳಲ್ಲಿ ಕೊನೆಗೆ ಪಾರ್ಕಿಂಗ್ ಒಂದೇ ಉಳಿಯುತ್ತದೆ.

1. ಮೊದಲು ತಿಂಗಳ ಲೆಕ್ಕ ಬರೆಯಿರಿ

ಮನೆಯ ಬೆಲೆ ಎಂದರೆ ಬಾಡಿಗೆ ಅಥವಾ ಕಂತು ಮಾತ್ರ ಅಲ್ಲ, ಅದಕ್ಕೆ ಓಡಾಟದ ಖರ್ಚನ್ನೂ ಕೂಡಿಸಬೇಕು. ಲೆಕ್ಕಕ್ಕೆಂದು ಒಂದು ಸಂಸಾರ ಹಿಡಿಯೋಣ: ಗಂಡ ಮಂಡಿಪೇಟೆಯಲ್ಲಿ ಹಮಾಲಿ, ಹೆಂಡತಿ ವಿದ್ಯಾನಗರದಲ್ಲಿ ಮನೆಗೆಲಸ, ಒಂದು ಮಗು ಶಾಲೆಗೆ.

ಊರೊಳಗೆ, ನಡೆದು ಹೋಗುವಷ್ಟು ಹತ್ತಿರದ ಮನೆಗೆ ಬಾಡಿಗೆ 6,000 ರೂಪಾಯಿ ಎಂದುಕೊಳ್ಳಿ. ಊರಾಚೆಯ ಮನೆಗೆ 3,500. ನೋಡುವುದಕ್ಕೆ 2,500 ಉಳಿಯಿತು. ಈಗ ಓಡಾಟ ಸೇರಿಸಿ. ಶೇರ್ ಆಟೋಗೆ ಒಂದು ಸಲಕ್ಕೆ 20 ರೂಪಾಯಿಯಂತೆ ಹೋಗಿ ಬರಲು 40. ತಿಂಗಳಿಗೆ 26 ದಿನ ಎಂದರೆ ಒಬ್ಬರಿಗೆ 1,040, ಇಬ್ಬರಿಗೆ 2,080. ಮಗುವಿನ ಸ್ಕೂಲ್ ಆಟೋ 900. ಎಲ್ಲ ಕೂಡಿದರೆ 6,480. ಅಗ್ಗ ಎಂದುಕೊಂಡ ಮನೆ 480 ರೂಪಾಯಿ ದುಬಾರಿಯಾಯಿತು. ದಾರಿಯಲ್ಲಿ ಕಳೆದ ಹೊತ್ತನ್ನು ಇನ್ನೂ ಹಿಡಿದಿಲ್ಲ.

ಅದೇ ಊರಾಚೆಯ ಮನೆಯ ಮುಂದೆ ಸರ್ಕಾರಿ ಬಸ್ ಬಂದರೆ? 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಂಡತಿಯ 1,040 ಪೂರ್ತಿ ಉಳಿಯುತ್ತದೆ, ಒಟ್ಟು 5,440ಕ್ಕೆ ಇಳಿಯುತ್ತದೆ. ಇಲ್ಲಿ ಒಂದು ಎಚ್ಚರ: ಶಕ್ತಿ ನಡೆಯುವುದು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸನ್ನೇ ನಂಬಿಕೊಂಡ ದಾರಿಗಳು ಬಹಳ. ಹಾಗಾಗಿ "ಬಸ್ ಇದೆ" ಎಂದು ಬರೆದರೆ ಸಾಲದು, ಯಾರ ಬಸ್ಸು ಎಂದೂ ಬರೆಯಿರಿ.

ಇಂಥ ಲೆಕ್ಕ ಕನಿಷ್ಠ ಇಪ್ಪತ್ತು ಮನೆಗಳಿಂದ ತನ್ನಿ. ಹೆಸರು ಬೇಡ, ಕೆಲಸ, ಬಾಡಿಗೆ, ಓಡಾಟದ ಖರ್ಚು ಸಾಕು. ಲೆಕ್ಕ ಕೇಳುವಾಗ ಮನೆಯ ಹೆಣ್ಣುಮಕ್ಕಳ ಎದುರೇ ಕೂತು ಕೇಳಿ. ಸಂತೆ, ರೇಷನ್, ಚಿಗಟೇರಿ ಆಸ್ಪತ್ರೆ, ಮಗುವಿನ ಶಾಲೆ ಎಂದು ದಿನಕ್ಕೆ ನಾಲ್ಕು ಸಣ್ಣ ಓಡಾಟ ಮಾಡುವವರು ಅವರು. ಯಜಮಾನರು ಹೇಳುವ ಲೆಕ್ಕದಲ್ಲಿ ಇವು ಬಿಟ್ಟೇಹೋಗುತ್ತವೆ.

2. ನಕ್ಷೆ ನಂಬಬೇಡಿ, ನಡೆದು ಅಳೆಯಿರಿ

ಕೇಂದ್ರ ಸರ್ಕಾರ 2017ರಲ್ಲಿ ಸಾರಿಗೆ ಆಧಾರಿತ ಅಭಿವೃದ್ಧಿಯ ರಾಷ್ಟ್ರೀಯ ನೀತಿ ತಂದಿದೆ. ನಿಲ್ದಾಣದ ಸುತ್ತ 500ರಿಂದ 800 ಮೀಟರ್, ಅಂದರೆ ಹೆಚ್ಚುಕಡಿಮೆ ಹತ್ತು ಹನ್ನೆರಡು ನಿಮಿಷ ನಡೆಯುವ ದೂರವನ್ನು ಅದು "ಪ್ರಭಾವ ವಲಯ" ಎನ್ನುತ್ತದೆ. ಈ ವಲಯದಲ್ಲಿ ಹೆಚ್ಚು ಜನ ವಾಸಿಸಲು ಅವಕಾಶ ಕೊಡಬೇಕು, ಅದರಲ್ಲಿ ಬಡವರಿಗೂ ಪಾಲಿರಬೇಕು, ಕಾಲ್ನಡಿಗೆಗೆ ದಾರಿ ಇರಬೇಕು ಎನ್ನುವುದು ನೀತಿಯ ತಿರುಳು.

ಕಾಗದದ ಮೇಲೆ ಕೈವಾರದಿಂದ 800 ಮೀಟರ್ ವೃತ್ತ ಎಳೆದರೆ ದಾವಣಗೆರೆಯಲ್ಲಿ ಮೋಸ ಹೋಗುತ್ತೀರಿ. ನಮ್ಮ ಊರನ್ನು ರೈಲು ಹಳಿ ಸೀಳಿಕೊಂಡು ಹೋಗಿದೆ. ಹಳಿಯ ಆಚೆ ಕಾಣುವ ಬಸ್ ಸ್ಟಾಪಿಗೆ ಗೇಟೋ ಸೇತುವೆಯೋ ಸಿಗುವ ತನಕ ಸುತ್ತಬೇಕು. ಅಶೋಕ ಟಾಕೀಸ್ ಗೇಟಿನ ಹತ್ತಿರ ವರ್ಷಗಟ್ಟಲೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೈಪಾಸ್ ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 48ರ ಆಚೆಯ ಬಡಾವಣೆಗಳಿಗೂ ಇದೇ ಪಾಡು. ಅಂಡರ್‌ಪಾಸ್ ಎಲ್ಲಿದೆಯೋ ಅಲ್ಲಿಗೇ ನಿಮ್ಮ ದಾರಿ ತಿರುಗುತ್ತದೆ.

ಆದ್ದರಿಂದ ಮನೆ ಬಾಗಿಲಿನಿಂದ ಬಸ್ ಸ್ಟಾಪಿನವರೆಗೆ ನಿಜವಾಗಿ ನಡೆಯಿರಿ. ಬೆಳಗಿನ ಏಳಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ, ರಾತ್ರಿ ಎಂಟೂವರೆಗೆ ಒಮ್ಮೆ. ಹಿರಿಯರನ್ನು ಮುಂದೆ ಬಿಟ್ಟು ಅವರ ನಡಿಗೆಯ ವೇಗದಲ್ಲೇ ಗಡಿಯಾರ ನೋಡಿ. ನಾವು ಒಮ್ಮೆ ಆಜಾದ್ ನಗರದ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹೀಗೆ ನಡೆದಾಗ, ಜೊತೆಗಿದ್ದ ಅಜ್ಜಿಯ ಕೋಲಿನ ತುದಿ ಚರಂಡಿಯ ಎರಡು ಚಪ್ಪಡಿಗಳ ಸಂದಿಗೆ ಸಿಕ್ಕಿಕೊಂಡಿತು. ಅಜ್ಜಿ ಬಗ್ಗಿ ಕೋಲು ಕಿತ್ತುಕೊಂಡು, ಮುಂದಿನ ಚಪ್ಪಡಿಯನ್ನು ಕೋಲಿನಿಂದ ಎರಡು ಸಲ ತಟ್ಟಿ ನೋಡಿ ಆಮೇಲೆ ಕಾಲಿಟ್ಟರು. ಆ ಇನ್ನೂರು ಹೆಜ್ಜೆಗೆ ನಮಗೆ ಎರಡು ನಿಮಿಷ, ಅವರಿಗೆ ಏಳು. ಹುಡುಗರು ಅಳೆದಿದ್ದರೆ ಆ ಐದು ನಿಮಿಷ ಯಾರ ಕಾಗದಕ್ಕೂ ಏರುತ್ತಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು: ಹಿಡಿದ ನಿಮಿಷ, ಮುರಿದ ಚಪ್ಪಡಿ, ಉರಿಯದ ಬೀದಿದೀಪದ ಕಂಬದ ನಂಬರು, ನೆರಳಿಲ್ಲದ ಭಾಗ, ರಸ್ತೆ ದಾಟುವ ಜಾಗ, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ. ಪ್ರತಿಯೊಂದಕ್ಕೂ ಒಂದು ಫೋಟೋ.

3. ಬಸ್ ಎಣಿಸಿ

ಒಂದು ಕೆಲಸದ ದಿನ, ಒಂದು ಭಾನುವಾರ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಸ್ಟಾಪಿನಲ್ಲಿ ಸರದಿಯಂತೆ ಕೂತು, ಬಂದ ಬಸ್ಸಿನ ಹೊತ್ತು, ಸರ್ಕಾರಿಯೋ ಖಾಸಗಿಯೋ, ನಿಲ್ಲಿಸಿತೋ ಇಲ್ಲವೋ ಬರೆದುಕೊಳ್ಳಿ. ಕೊನೆಯ ಬಸ್ಸಿನ ಹೊತ್ತನ್ನು ದಪ್ಪಗೆ ಬರೆಯಿರಿ. ಅಂಗಡಿ, ಹೋಟೆಲ್, ಆಸ್ಪತ್ರೆಯಲ್ಲಿ ಕೆಲಸ ಮುಗಿಸುವವರಿಗೆ ಆ ಒಂದು ಅಂಕಿಯೇ ಮುಖ್ಯ.

4. ಯಾವ ಕಚೇರಿ, ಯಾವ ಕೆಲಸ

ಅರ್ಜಿಗಳು ಸಾಯುವುದು ಹೆಚ್ಚಾಗಿ ಇಲ್ಲೇ. ತಪ್ಪು ಬಾಗಿಲಿಗೆ ಹೋದ ಅರ್ಜಿಗೆ "ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು.

ಜಮೀನಿನ ಬಳಕೆ, ಬಡಾವಣೆ ಮಂಜೂರಾತಿ, ಮಹಾ ಯೋಜನೆ (ಮಾಸ್ಟರ್ ಪ್ಲಾನ್): ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಎಲ್ಲರ ಬಾಯಲ್ಲಿ ದೂಡಾ. ಹರಿಹರ ಇಲ್ಲಿಂದ 14 ಕಿಲೋಮೀಟರ್. ಎರಡೂ ಊರಿಗೆ ಒಂದೇ ಪ್ರಾಧಿಕಾರ ಇರುವುದು ನಮಗೆ ಅನುಕೂಲ. ಪಿ.ಬಿ. ರಸ್ತೆ (ಹಳೆಯ ಪುಣೆ-ಬೆಂಗಳೂರು ರಸ್ತೆ), ರೈಲು ಎರಡೂ ಇರುವ ಈ ಸಾಲಿನಲ್ಲೇ ಮನೆಗಳು ಬರಲಿ ಎಂದು ಒಂದೇ ಕಡೆ ಕೇಳಬಹುದು.

ಪಾದಚಾರಿ ದಾರಿ, ಬೀದಿದೀಪ, ಚರಂಡಿ, ತಂಗುದಾಣ: ಮಹಾನಗರ ಪಾಲಿಕೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲೇ ನಮ್ಮ ನಗರ 4.3 ಲಕ್ಷ ದಾಟಿತ್ತು. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯೇ, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಬರವಣಿಗೆಯಲ್ಲಿ ಕೇಳಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಾದರೆ ಆಡಳಿತಾಧಿಕಾರಿಗೆ ಕೊಡಿ.

ಸರ್ಕಾರಿ ಬಸ್ಸಿನ ಮಾರ್ಗ, ಸಮಯ: ಕೆಎಸ್‌ಆರ್‌ಟಿಸಿ ವಿಭಾಗೀಯ ನಿಯಂತ್ರಣಾಧಿಕಾರಿ, ಜನರ ಮಾತಿನಲ್ಲಿ ಡಿಸಿ ಸಾಹೇಬ್ರು. ಜಿಲ್ಲಾಧಿಕಾರಿಯನ್ನೂ ಡಿಸಿ ಎನ್ನುವುದರಿಂದ ಲಕೋಟೆಯ ಮೇಲೆ ಪೂರ್ತಿ ಹುದ್ದೆ ಬರೆಯಿರಿ.

ಖಾಸಗಿ ಬಸ್ಸಿನ ಪರ್ಮಿಟ್: ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಇದರ ಅಧ್ಯಕ್ಷರು ಜಿಲ್ಲಾಧಿಕಾರಿ, ಕಾರ್ಯದರ್ಶಿ ಆರ್‌ಟಿಒ. ಪರ್ಮಿಟ್ ಎಂದರೆ ಬಸ್ ಓಡಿಸಲು ಬರೀ ಅನುಮತಿಯಲ್ಲ, ಮಾರ್ಗ, ವೇಳೆಗಳ ಷರತ್ತೂ ಅದರಲ್ಲಿರುತ್ತದೆ. ನಿಮ್ಮ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುವ ಬಸ್ಸಿನ ಪರ್ಮಿಟ್ ನಕಲು ಕೇಳಿ ನೋಡಿ.

ಕೊಳಗೇರಿ ಎಂದು ಘೋಷಣೆಯಾದ ಜಾಗದ ಮನೆಗಳಿಗೆ ಕೊಳಗೇರಿ ಅಭಿವೃದ್ಧಿ ಮಂಡಳಿ.

5. ಮಹಾ ಯೋಜನೆ ಓದುವುದು

ಮಹಾ ಯೋಜನೆ ಎಂದರೆ ಮಾಸ್ಟರ್ ಪ್ಲಾನ್: ಊರಿನ ಯಾವ ಜಮೀನು ವಾಸಕ್ಕೆ, ಯಾವುದು ವ್ಯಾಪಾರಕ್ಕೆ, ಕೈಗಾರಿಕೆಗೆ, ಉದ್ಯಾನಕ್ಕೆ ಎಂದು ಬಣ್ಣ ಹಚ್ಚಿದ ನಕ್ಷೆ ಮತ್ತು ಅದರ ನಿಯಮಗಳ ಪುಸ್ತಕ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದರ ತಾಯಿ. ಹತ್ತು ವರ್ಷಕ್ಕೊಮ್ಮೆ ಯೋಜನೆಯನ್ನು ಪರಿಷ್ಕರಿಸಬೇಕು. ಅಂತಿಮಗೊಳಿಸುವ ಮುನ್ನ ಪ್ರಕಟಿಸಿ ಜನರಿಂದ ಆಕ್ಷೇಪಣೆ, ಸಲಹೆ ಕೇಳಬೇಕು. ನಿಮ್ಮ ಮಾತಿಗೆ ಅತಿ ಹೆಚ್ಚು ಬೆಲೆ ಇರುವುದು ಈ ಅವಧಿಯಲ್ಲೇ. ಕೊನೆಯ ದಿನಾಂಕ ಪ್ರಕಟಣೆಯಲ್ಲೇ ಇರುತ್ತದೆ. ಅದು ಮುಗಿದ ಮರುದಿನ ನೀವು ಎಷ್ಟೇ ಚೆನ್ನಾಗಿ ಬರೆದರೂ ಅದು ಕಾಯ್ದೆಯ ಆಕ್ಷೇಪಣೆ ಅಲ್ಲ, ಬರೀ ಮನವಿ.

ಪ್ರಾಧಿಕಾರದ ಕಚೇರಿಗೆ ಹೋದಾಗ ಮೂರು ವಿಷಯ ನೋಡಿ.

ಒಂದು, ಎಫ್.ಎ.ಆರ್. ಅಂದರೆ ನೆಲದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಎಂಬ ಅನುಪಾತ. 30x40ರ ಸೈಟು 1,200 ಚದರಡಿ. ಎಫ್.ಎ.ಆರ್. 1.5 ಇದ್ದರೆ ಎಲ್ಲ ಅಂತಸ್ತು ಸೇರಿ 1,800 ಚದರಡಿ ಕಟ್ಟಬಹುದು. ನಿಲ್ದಾಣದ ಸುತ್ತ ಇದನ್ನು ಹೆಚ್ಚಿಸಿದರೆ ಹೆಚ್ಚು ಮನೆ ಬರುತ್ತವೆ, ಆದರೆ ಯಾರಿಗೆ? ಷರತ್ತಿಲ್ಲದೆ ಹೆಚ್ಚಿಸಿದರೆ ಲಾಭ ಜಮೀನಿನ ಮಾಲೀಕರಿಗೆ, ಬಾಡಿಗೆದಾರರಿಗೆ ಮನೆ ಖಾಲಿ ಮಾಡುವ ನೋಟಿಸು. 2017ರ ನೀತಿ ಪ್ರಭಾವ ವಲಯದಲ್ಲಿ ಎಫ್.ಎ.ಆರ್.ನ ಸುಮಾರು ಶೇ. 30ನ್ನು ಕೈಗೆಟುಕುವ ಮನೆಗಳಿಗೆ ಇಡಬೇಕು ಎನ್ನುತ್ತದೆ. ಈ ಶೇ. 30 ನಿಮ್ಮ ಅರ್ಜಿಯ ಬೆನ್ನೆಲುಬು. ಎಚ್ಚರ: ಇದು ನೀತಿ, ಕಾನೂನಲ್ಲ. ಬರೆದದ್ದು ಮುಖ್ಯವಾಗಿ ಮೆಟ್ರೊ, ತ್ವರಿತ ಬಸ್ಸಿನಂಥ ದೊಡ್ಡ ಸಾರಿಗೆಗೆ. "ಕಾನೂನಿನಲ್ಲಿದೆ" ಎಂದು ಬರೆದರೆ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಾರೆ. "ರಾಷ್ಟ್ರೀಯ ನೀತಿಯ ಆಶಯವನ್ನು ನಮ್ಮ ಬಸ್, ರೈಲು ನಿಲ್ದಾಣಗಳಿಗೂ ವಲಯ ನಿಯಮಗಳಲ್ಲಿ ಅಳವಡಿಸಿ" ಎಂದು ಬರೆಯಿರಿ.

ಎರಡು, ಸಿ.ಎ. ನಿವೇಶನ. ಅಂದರೆ ನಾಗರಿಕ ಸೌಲಭ್ಯಕ್ಕೆಂದು ಬಡಾವಣೆಯಲ್ಲಿ ಬಿಟ್ಟ ಜಾಗ. ಶಾಲೆ, ಆಸ್ಪತ್ರೆ, ಗ್ರಂಥಾಲಯದ ಜೊತೆ ಬಸ್ ನಿಲ್ದಾಣವೂ ಈ ಪಟ್ಟಿಯಲ್ಲಿ ಬರುತ್ತದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆಯ ನಕಲು ತೆಗೆಸಿ, ಆ ಜಾಗದಲ್ಲಿ ಈಗ ಏನಿದೆ ಎಂದು ನೋಡಿಕೊಂಡು ಬನ್ನಿ. ಜೊತೆಗೆ ಬಡಾವಣೆಯ ಮುಖ್ಯ ರಸ್ತೆ ಬಸ್ ತಿರುಗುವಷ್ಟು ಅಗಲ ಇದೆಯೇ ಎಂದೂ ನೋಡಿ. ಎಷ್ಟೋ ಕಡೆ ಬಸ್ ಬರದಿರುವುದಕ್ಕೆ ಅದೇ ಕಾರಣ.

ಮೂರು, ನಿಲ್ದಾಣದ ಹತ್ತಿರದ ಸರ್ಕಾರಿ ಜಮೀನು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆದು 9ನೇ ಕಾಲಂ ನೋಡಿ, ಮಾಲೀಕರ ಹೆಸರು ಅಲ್ಲಿರುತ್ತದೆ. ಪಹಣಿ ಸಿಗದ ಊರೊಳಗಿನ ಜಾಗಕ್ಕೆ ಪಾಲಿಕೆಯ ಆಸ್ತಿ ದಾಖಲೆ ಕೇಳಬೇಕು. ಖಾಲಿ ಬಿದ್ದ ಹಳೆಯ ಗೋದಾಮು, ಬಳಕೆಯಲ್ಲಿಲ್ಲದ ಇಲಾಖೆ ಕಟ್ಟಡ, ಹೀಗೆ ಎರಡು ಜಾಗವನ್ನಾದರೂ ಸರ್ವೆ ನಂಬರ್ ಸಮೇತ ತೋರಿಸಿದರೆ "ಊರೊಳಗೆ ಜಾಗ ಎಲ್ಲಿದೆ?" ಎಂಬ ಪ್ರಶ್ನೆಗೆ ನಿಮ್ಮ ಕೈಯಲ್ಲಿ ಉತ್ತರ ಇರುತ್ತದೆ.

6. ಬೇಡಿಕೆ ಬರೆಯುವುದು

ಒಂದು ಅರ್ಜಿಗೆ ಒಂದೇ ವಿಷಯ. ಚರಂಡಿ, ಬಸ್ಸು, ಹಕ್ಕುಪತ್ರ, ನಾಯಿ ಕಾಟ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಅವರು ಸುಲಭದ್ದನ್ನು ಮಾಡಿ ಉಳಿದದ್ದನ್ನು ಮುಚ್ಚುತ್ತಾರೆ. ಮಾದರಿ ಹೀಗಿದೆ:

*ಇವರಿಗೆ,*
*ಆಯುಕ್ತರು, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ದಾವಣಗೆರೆ.*
*ವಿಷಯ: ... ಬಸ್ ನಿಲ್ದಾಣದ 800 ಮೀಟರ್ ವ್ಯಾಪ್ತಿಯಲ್ಲಿ ಕೈಗೆಟುಕುವ ಮನೆಗಳಿಗೆ ಅವಕಾಶ ಕಲ್ಪಿಸುವ ಕುರಿತು.*
*ಮಾನ್ಯರೇ,*
*ನಾವು ... ವಾರ್ಡಿನ ನಿವಾಸಿಗಳು. ನಮ್ಮ ಇಪ್ಪತ್ತು ಕುಟುಂಬಗಳ ತಿಂಗಳ ವಸತಿ ಮತ್ತು ಓಡಾಟದ ಲೆಕ್ಕ, ನಡೆದು ಅಳೆದ ದಾರಿಯ ವಿವರ, ಎರಡು ದಿನದ ಬಸ್ ಎಣಿಕೆ ಲಗತ್ತಿಸಿದ್ದೇವೆ. ಸರ್ವೆ ನಂ. ... ರಲ್ಲಿ ಖಾಲಿ ಇರುವ ಸರ್ಕಾರಿ ಜಮೀನನ್ನು ಬಾಡಿಗೆ ಮತ್ತು ಸ್ವಂತ ಮನೆಗಳ ಯೋಜನೆಗೆ ಕಾಯ್ದಿರಿಸಬೇಕು. ಈ ವ್ಯಾಪ್ತಿಯಲ್ಲಿ ಹೆಚ್ಚುವರಿ ಎಫ್.ಎ.ಆರ್. ನೀಡುವುದಾದರೆ ಶೇ. 30ರಷ್ಟನ್ನು ಆರ್ಥಿಕವಾಗಿ ದುರ್ಬಲ ಮತ್ತು ಕಡಿಮೆ ಆದಾಯದ ಕುಟುಂಬಗಳಿಗೆ ಮೀಸಲಿಡುವ ಷರತ್ತು ವಿಧಿಸಬೇಕು. ಈಗಿರುವ ಬಾಡಿಗೆದಾರರಿಗೆ ಮತ್ತು ಬೀದಿ ಬದಿ ವ್ಯಾಪಾರಿಗಳಿಗೆ ಅದೇ ಜಾಗದಲ್ಲಿ ಆದ್ಯತೆ ನೀಡಬೇಕು. ಕೈಗೊಂಡ ಕ್ರಮವನ್ನು ಬರವಣಿಗೆಯಲ್ಲಿ ತಿಳಿಸಲು ಕೋರುತ್ತೇವೆ.*

ಮಾದರಿಯಲ್ಲಿ "ಬಾಡಿಗೆ" ಎಂಬ ಪದವನ್ನು ಬೇಕೆಂದೇ ಸೇರಿಸಿದ್ದೇನೆ. ಮುಂಗಡ ಕಟ್ಟಿ ಮನೆ ಕೊಳ್ಳುವ ಶಕ್ತಿಯೇ ಇಲ್ಲದವರು ನಮ್ಮಲ್ಲಿ ಬಹಳ ಇದ್ದಾರೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಬಾಡಿಗೆ ಮನೆಗಳಿಗೂ ಒಂದು ವಿಭಾಗ ಇದೆ. ವರ್ಷದ ಆದಾಯ 3 ಲಕ್ಷದವರೆಗೆ ಇದ್ದರೆ ಆರ್ಥಿಕವಾಗಿ ದುರ್ಬಲ ವರ್ಗ, 3ರಿಂದ 6 ಲಕ್ಷ ಕಡಿಮೆ ಆದಾಯದ ವರ್ಗ. ಯಾವ ವಿಭಾಗದಲ್ಲಿ ಕೇಳುತ್ತಿದ್ದೀರಿ ಎಂದು ಹೆಸರಿಸಿದರೆ ಕಡತ ಮುಂದೆ ಸಾಗುತ್ತದೆ.

ಬೀದಿ ಬದಿ ವ್ಯಾಪಾರಿಗಳ ಮಾತನ್ನು ಬಿಡಬೇಡಿ. ಬಸ್ ನಿಲ್ದಾಣ "ಅಂದ"ವಾಗುವಾಗ ಮೊದಲು ಏಳುವುದು ಹೂವಿನವರು, ಮಂಡಕ್ಕಿ-ಮೆಣಸಿನಕಾಯಿ ಗಾಡಿಯವರು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವಂತಿಲ್ಲ, ಸ್ಥಳಾಂತರಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು. ಇದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ರಾತ್ರಿ ಎಂಟೂವರೆಗೆ ಸ್ಟಾಪಿನಲ್ಲಿ ಒಬ್ಬಳೇ ನಿಂತ ಹುಡುಗಿಗೆ ಧೈರ್ಯ ಬರುವುದು ಆ ಗಾಡಿಯ ದೀಪದಿಂದ.

"ರಸ್ತೆ ಅಗಲ ಮಾಡಿ" ಎಂದು ಯೋಚಿಸದೆ ಬರೆಯಬೇಡಿ. ಅಗಲವಾದದ್ದು ಕಾರು ನಿಲ್ಲಿಸುವುದಕ್ಕೆ ಹೋಗುತ್ತದೆ, ಮುರಿದದ್ದು ನಿಮ್ಮದೇ ಮನೆಯ ಮುಂಭಾಗ ಆಗಿರುತ್ತದೆ. "ಇರುವ ಅಗಲದಲ್ಲೇ ನಡೆಯುವ ದಾರಿ ಬಿಡಿಸಿ" ಎಂದು ಕೇಳಿ.

7. ಕೊಡುವಾಗ

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮುದ್ರೆ, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ನಮ್ಮ ಬೀದಿಯವರು ಒಮ್ಮೆ ನಂಬಿಕೆಯ ಮೇಲೆ ಕೊಟ್ಟು ಬಂದೆವು. ನಾಲ್ಕು ತಿಂಗಳ ನಂತರ ಕೇಳಿದಾಗ ಅಂಥ ಅರ್ಜಿಯೇ ಬಂದಿಲ್ಲ ಎಂದರು. ನಲವತ್ತಾರು ಸಹಿಗಳನ್ನು ಮತ್ತೆ ಮನೆಮನೆಗೆ ಹೋಗಿ ಹಾಕಿಸಬೇಕಾಯಿತು, ಅಷ್ಟರಲ್ಲಿ ಇಬ್ಬರು ಮನೆ ಬಿಟ್ಟು ಹೋಗಿದ್ದರು.

ಟಪಾಲಿನಲ್ಲಾದರೆ ಸ್ಪೀಡ್ ಪೋಸ್ಟ್. ಪಾಲಿಕೆ ಬಜೆಟ್ಟಿಗೆ ಮುನ್ನ ಸಾರ್ವಜನಿಕರ ಸಲಹೆ ಕೇಳುವ ಸಭೆಯ ಪ್ರಕಟಣೆ ಬಂದರೆ ಪಾದಚಾರಿ ದಾರಿಯ ಬೇಡಿಕೆಯನ್ನು ಅಲ್ಲೂ ಓದಿ ದಾಖಲಿಸಿ.

8. ಉತ್ತರ ಬಾರದಿದ್ದರೆ

ಒಂದು ತಿಂಗಳು ನೋಡಿ. ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಬಿಪಿಎಲ್ ಕಾರ್ಡ್ ಇರುವವರು ಅದರ ನಕಲು ಲಗತ್ತಿಸಿದರೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ ಇದೆ. ಉದ್ದ ಬರೆದು ತಿರಸ್ಕಾರಕ್ಕೆ ನೆಪ ಕೊಡಬೇಡಿ. "ಏಕೆ ಮಾಡಿಲ್ಲ?" ಎಂದು ಕೇಳಬೇಡಿ, ದಾಖಲೆ ಕೇಳಿ: "ದಿನಾಂಕ ... ರ ಸ್ವೀಕೃತಿ ಸಂಖ್ಯೆ ... ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು ನೀಡಿ." ಯಾವ ಮೇಜಿನ ಮೇಲೆ, ಎಷ್ಟು ದಿನದಿಂದ ಕೂತಿದೆ ಎನ್ನುವುದು ಟಿಪ್ಪಣಿ ಹಾಳೆಯಲ್ಲಿ ಕಾಣುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

"ಆ ಮಾರ್ಗದಲ್ಲಿ ನಷ್ಟ" ಎಂಬ ಉತ್ತರ ಬಂದರೆ ಎದೆಗುಂದಬೇಡಿ, ಅದನ್ನೇ ಮುಂದಿನ ಅರ್ಜಿಗೆ ಬಳಸಿ. ಬಸ್ಸಿಗೆ ಕಲೆಕ್ಷನ್ ಸಿಗದಷ್ಟು ದೂರದಲ್ಲಿ, ಅಷ್ಟು ವಿರಳವಾಗಿ ಮನೆ ಕಟ್ಟಿಸಿದ್ದಾರೆ ಎಂದು ಸರ್ಕಾರಿ ಸಂಸ್ಥೆಯೇ ಬರೆದುಕೊಟ್ಟಂತಾಯಿತು. ಆ ಪತ್ರದ ನಕಲನ್ನು ದೂಡಾಕ್ಕೆ ಕೊಟ್ಟು, ಮುಂದಿನ ವಸತಿ ಯೋಜನೆಯನ್ನಾದರೂ ಬಸ್ ಓಡುವ ರಸ್ತೆಗೆ ತನ್ನಿ ಎಂದು ಕೇಳಿ.

ಬಸ್ ಬಂತೆನ್ನಿ. ಮೂರು ತಿಂಗಳಾದ ಮೇಲೆ ಅದೇ ಸ್ಟಾಪಿನಲ್ಲಿ, ಅದೇ ನೋಟ್‌ಬುಕ್ ಹಿಡಿದು ಮತ್ತೊಮ್ಮೆ ಎಣಿಸಿ. ಆ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಚಪ್ಪಡಿ ಸರಿಯಾಗಿದೆಯೇ ಎಂದು ಅವರ ಕೋಲಿನಿಂದಲೇ ತಟ್ಟಿಸಿ ನೋಡಿ.